ಕೈ ತೊಳೆಯಲು ಎದ್ದ ಅತ್ತೆ: ಕಲ್ಯಾಣ ಮಂಟಪದಲ್ಲಿ ನಡೆದ ಒಂದು ಹೃದಯ ಸ್ತಂಭನದ ಪ್ರಕರಣ

ಬೆಂಗಳೂರು ದಕ್ಷಿಣದ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ಘಟನೆ ಇದು. ಪ್ರಥಮ ಚಿಕಿತ್ಸೆಯ ತರಬೇತಿ ಕೊಡುವ ನನ್ನಂಥವರಿಗೆ ಇಂಥ ಪ್ರಕರಣಗಳು ತಲುಪುವುದು ಬಾಯಿಮಾತಿನಲ್ಲೇ. ಹೇಳುವವರ ನೆನಪಿನಲ್ಲಿ ಮೂರು ನಿಮಿಷ ಅರ್ಧ ಗಂಟೆಯಾಗಿ ಹಿಗ್ಗಿರುತ್ತದೆ, ಇಲ್ಲವೇ ಹತ್ತು ನಿಮಿಷ 'ತಕ್ಷಣ' ಎಂಬ ಮಾತಿನೊಳಗೆ ಅಡಗಿರುತ್ತದೆ. ಇಲ್ಲಿ ಆ ತೊಂದರೆ ಇಲ್ಲ. ಮದುವೆಯ ವಿಡಿಯೊ ತೆಗೆಯುತ್ತಿದ್ದವರು ಊಟದ ಹಾಲ್‌ನ ಮೂಲೆಯಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ ಓಡುವಂತೆ ಬಿಟ್ಟು ತಾವೂ ಎಲೆಯ ಮುಂದೆ ಕುಳಿತಿದ್ದರು. ನಡೆದದ್ದಕ್ಕೆಲ್ಲ ಹೀಗೆ ಗಡಿಯಾರದ ಸಾಕ್ಷಿ ಸಿಕ್ಕಿತು. ಕುಟುಂಬದವರ ಒಪ್ಪಿಗೆ ಪಡೆದು ಅದನ್ನು ನೋಡಿದ್ದೇನೆ, ಅಲ್ಲಿದ್ದ ಹಲವರೊಂದಿಗೆ ಮಾತನಾಡಿದ್ದೇನೆ. ಗುರುತು ಹತ್ತದಂತೆ ಹೆಸರು, ಬಡಾವಣೆ ಬಿಟ್ಟಿದ್ದೇನೆ. ಒಂದೆರಡು ಸಂಬಂಧಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ರೋಗಿ ವಧುವಿನ ಸೋದರತ್ತೆ. ವಯಸ್ಸು ಅರವತ್ತರ ಆಸುಪಾಸು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇವೆ, ಎರಡಕ್ಕೂ ಮಾತ್ರೆ ನಡೆಯುತ್ತಿತ್ತು. ಹಿಂದಿನ ರಾತ್ರಿ ವರಪೂಜೆ ಮುಗಿದ ಮೇಲೆ ಹೊಟ್ಟೆಯ ಮೇಲ್ಭಾಗ ಉರಿಯುತ್ತಿದೆ, ಗ್ಯಾಸ್ಟ್ರಿಕ್ ಇರಬೇಕು ಎಂದು ಜೀರಿಗೆ ಕಷಾಯ ಕುಡಿದು ಮಲಗಿದ್ದರು. ಬೆಳಿಗ್ಗೆ ಧಾರೆಯ ಹೊತ್ತಿಗೆ ಎಡ ಭುಜವೂ ಬೆನ್ನೂ ಸೆಳೆಯುತ್ತಿದ್ದವು, ಬೆವರು ಇಳಿಯುತ್ತಿತ್ತು. ರೇಷ್ಮೆ ಸೀರೆ, ಹೋಮದ ಹೊಗೆ, ಜನರ ನೂಕುನುಗ್ಗಲು. ಬೆವರಿಗೆ ಕಾರಣ ಹುಡುಕುವ ಅಗತ್ಯ ಯಾರಿಗೂ ಕಾಣಲಿಲ್ಲ. ತಂಗಿ ಬಂದು 'ಅಕ್ಕಾ, ಒಳಗೆ ಹೋಗಿ ಸ್ವಲ್ಪ ಅಡ್ಡಾಗು' ಎಂದಾಗ 'ಮದುವೆ ಮನೆಯಲ್ಲಿ ಮಲಗಲು ಬಂದಿದ್ದೇನೆಯೇ?' ಎಂದು ಗದರಿದರಂತೆ.

ಹೃದಯಾಘಾತವೆಂದರೆ ಎದೆ ಹಿಡಿದುಕೊಂಡು ಬೀಳುವುದು ಎಂದು ಸಿನಿಮಾಗಳು ನಮಗೆ ಕಲಿಸಿಬಿಟ್ಟಿವೆ. ಮಹಿಳೆಯರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಅದು ಹೊಟ್ಟೆಯುರಿ, ಸುಸ್ತು, ಬೆವರು, ದವಡೆ ಅಥವಾ ಭುಜದ ಸೆಳೆತವಾಗಿಯೂ ಬರಬಹುದು. ಆ ರಾತ್ರಿಯೇ ಒಂದು ಇಸಿಜಿ ಆಗಿದ್ದರೆ ಈ ಪ್ರಕರಣವನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲವೇನೋ.

ಒಂದು ವ್ಯತ್ಯಾಸವನ್ನು ಇಲ್ಲಿಯೇ ಹೇಳಿಬಿಡಬೇಕು. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು ಹೃದಯಾಘಾತ. ಅಂಥವರು ಮಾತನಾಡುತ್ತಾರೆ, ನಡೆಯುತ್ತಾರೆ, ಕಷಾಯವನ್ನೂ ಕುಡಿಯುತ್ತಾರೆ. ಹೃದಯ ರಕ್ತವನ್ನು ಪಂಪ್ ಮಾಡುವುದನ್ನೇ ನಿಲ್ಲಿಸುವುದು ಹೃದಯ ಸ್ತಂಭನ. ಆಗ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಮೊದಲನೆಯದು ಎರಡನೆಯದಕ್ಕೆ ದಾರಿಯಾಗಬಹುದು. ಈ ಅತ್ತೆಗೆ ಆದದ್ದು ಅದೇ.

ಮೊದಲ ಮೂರು ನಿಮಿಷ

ಎರಡನೇ ಪಂಕ್ತಿಯ ಊಟ ಮುಗಿಯುತ್ತಾ ಬಂದಿತ್ತು. ವಿಡಿಯೊದಲ್ಲಿ ಸಮಯ 1 ಗಂಟೆ 14 ನಿಮಿಷ. ಅತ್ತೆ ಎಲೆ ಮಡಚಿ ಎದ್ದು ಕೈ ತೊಳೆಯುವ ನಲ್ಲಿಗಳ ಕಡೆ ನಾಲ್ಕು ಹೆಜ್ಜೆ ಇಟ್ಟರು, ಗೋಡೆ ಹಿಡಿಯಲು ಕೈ ಚಾಚಿದರು, ಅದು ಸಿಗುವ ಮೊದಲೇ ಕುಸಿದರು. ಬಿದ್ದ ಕೂಡಲೇ ಕೈಕಾಲು ಸೆಟೆದುಕೊಂಡವು. ಸ್ವಲ್ಪ ಹೊತ್ತು ಅದುರಿ ತಣ್ಣಗಾದವು.

'ಫಿಟ್ಸ್ ಬಂದಿದೆ!' ಎಂದು ಯಾರೋ ಕೂಗಿದರು. ಮುಂದಿನ ಮೂರು ನಿಮಿಷ ನಡೆದದ್ದನ್ನೆಲ್ಲ ನಿರ್ಧರಿಸಿದ್ದು ಆ ಒಂದು ಕೂಗು. ಬೀಗದ ಕೈಗೊಂಚಲು ಬಂತು. ಅಂಗೈಯೊಳಗೆ ಇಟ್ಟು ಬೆರಳುಗಳನ್ನು ಬಲವಂತವಾಗಿ ಮಡಚಿದರು. ಅಡುಗೆಮನೆಯಿಂದ ಈರುಳ್ಳಿ ಬಂತು. ಮುಖಕ್ಕೆ ನೀರು ಚಿಮುಕಿಸಿದರು. ಬಡಿಸುತ್ತಿದ್ದ ಮಜ್ಜಿಗೆಯನ್ನೇ ಒಬ್ಬರು ಲೋಟದಲ್ಲಿ ತಂದು ಬಾಯಿಗೆ ಹಿಡಿದರು. ಅದು ಕೆನ್ನೆಯ ಮೇಲೆ ಹರಿದು ಹೋಯಿತು, ಪುಣ್ಯಕ್ಕೆ ಗಂಟಲಿಗಿಳಿಯಲಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನು ಹಾಕಿದರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಇವರನ್ನೆಲ್ಲ ಹೀಯಾಳಿಸುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಯಾರೂ ಕೈಕಟ್ಟಿ ನಿಂತಿರಲಿಲ್ಲ, ತಮಗೆ ಗೊತ್ತಿದ್ದದ್ದನ್ನು ಎಲ್ಲರೂ ಓಡೋಡಿ ಮಾಡಿದರು. ಹೃದಯ ನಿಂತಾಗ ಮೆದುಳಿಗೆ ರಕ್ತ ಹೋಗುವುದು ತಟ್ಟನೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಕೆಲವರಲ್ಲಿ ಫಿಟ್ಸ್‌ನಂತೆಯೇ ಕಾಣುವ ಅದುರುವಿಕೆ ಸ್ವಲ್ಪ ಹೊತ್ತು ಬರುತ್ತದೆ. ನುರಿತವರೂ ಒಂದು ಕ್ಷಣ ಮೋಸ ಹೋಗುವ ಜಾಗ ಇದು. ಅದುರುವುದು ನಿಂತ ಮೇಲೆ ಉಸಿರು ಸರಿಯಾಗಿ ಮರಳಿತೇ ಎಂದು ನೋಡಬೇಕು, ಅದನ್ನು ಯಾರೂ ನೋಡಲಿಲ್ಲ.

ನೋಡಿದ ಒಬ್ಬರು ಮೋಸ ಹೋದರು. ಸುಮಾರು ಒಂದೂವರೆ ನಿಮಿಷದ ಹೊತ್ತಿಗೆ ಅತ್ತೆಯ ಬಾಯಿ ತೆರೆದು ಗೊರಕೆಯಂಥ ಒಂದು ಸದ್ದು ಬಂತು. ಗಲ್ಲ ಮೇಲೆದ್ದು ಇಳಿಯಿತು. ಬಹಳ ಹೊತ್ತು ಏನೂ ಇಲ್ಲ. ಮತ್ತೆ ಅಂಥದ್ದೇ ಇನ್ನೊಂದು. 'ಉಸಿರಾಡುತ್ತಿದ್ದಾರೆ, ಏನೂ ಆಗಿಲ್ಲ, ಗಾಳಿ ಬಿಡಿ' ಎಂದರು ಪಕ್ಕದಲ್ಲಿ ಕುಳಿತಿದ್ದ ಹಿರಿಯರು. ಎದೆ ಒಂದೇ ಸಮನೆ ಏರಿಳಿಯುವುದು ಉಸಿರಾಟ. ಆಗೊಮ್ಮೆ ಈಗೊಮ್ಮೆ ಬರುವ ಈ ಎಳೆತ ಮೆದುಳಿನ ಕಾಂಡ ಕೊನೆಯದಾಗಿ ಹೊರಡಿಸುವ ಪ್ರಚೋದನೆ. ಅದರಿಂದ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ಈ ಪ್ರಕರಣದಿಂದ ಒಂದೇ ಒಂದು ಸಂಗತಿಯನ್ನು ಎತ್ತಿಕೊಳ್ಳಬೇಕೆಂದರೆ ನಾನು ಎತ್ತಿಕೊಳ್ಳುವುದು ಇದನ್ನೇ. ಎದೆ ಒತ್ತಲು ಬಾರದೆ ಹೋಗುವ ಜೀವಗಳಿಗಿಂತ 'ಉಸಿರಾಡುತ್ತಿದ್ದಾರೆ' ಎಂಬ ಮಾತು ನಂಬಿ ಹೋಗುವ ಜೀವಗಳು ಹೆಚ್ಚಿರಬೇಕು ಎಂಬ ಅನುಮಾನ ನನ್ನದು.

ಕಾರೋ, ನೆಲವೋ?

ಅತ್ತೆಯ ಅಳಿಯ ಅಷ್ಟರಲ್ಲಿ ಹೊರಗೆ ಓಡಿ ಕಾರು ತಿರುಗಿಸಿ ನಿಲ್ಲಿಸಿದ್ದರು. ದೊಡ್ಡ ಆಸ್ಪತ್ರೆ ಎರಡು ಸಿಗ್ನಲ್ ಆಚೆಗೇ ಇದೆ. ನಾಲ್ವರು ಕೈಕಾಲು ಹಿಡಿದು ಎತ್ತಿಯೂ ಆಗಿತ್ತು. ಆಗ ವರನ ಕಡೆಯ ಒಬ್ಬ ಹೆಂಗಸು ಎದುರು ಪಂಕ್ತಿಯಿಂದ ಎಂಜಲು ಕೈಯಲ್ಲೇ ಬಂದರು. ನಲವತ್ತೈದರ ಆಸುಪಾಸು, ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ನಿರ್ವಾಹಕಿ. ವಧುವಿನ ಕಡೆಯ ಯಾರಿಗೂ ಅವರ ಪರಿಚಯವಿರಲಿಲ್ಲ.

ನಿರ್ವಾಹಕರ ಪರವಾನಗಿ ಪಡೆಯಲು ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಇರಬೇಕು. ಬಹುಪಾಲು ಜನರ ಪಾಲಿಗೆ ಅದು ಫೈಲಿನಲ್ಲಿರುವ ಒಂದು ಹಾಳೆ. ಇವರು ಆಮೇಲೆ ಒಂದು ತರಬೇತಿ ಶಿಬಿರದಲ್ಲಿ ಬೊಂಬೆಯ ಎದೆ ಒತ್ತಿ ಅಭ್ಯಾಸ ಮಾಡಿದ್ದರು. 'ಸ್ವಾಮಿ, ಕೆಳಗಿಳಿಸಿ' ಎಂದರು. ಯಾರೂ ಇಳಿಸಲಿಲ್ಲ. ಎರಡನೇ ಸಲ ಹೇಳಿದ್ದು ಹಾಲ್‌ನ ಆ ತುದಿಗೂ ಕೇಳಿಸಿತು. ಸಂಜೆ ಆರರ ಬಸ್ಸಿನಲ್ಲಿ ಫುಟ್‌ಬೋರ್ಡಿನವರನ್ನು ಒಳಗೆ ಸರಿಸಿ ಪಳಗಿದ ಗಂಟಲು ಅದು. ಅತ್ತೆಯನ್ನು ಇಳಿಸಿದರು. ಆ ದಿನ ವಿದ್ಯೆಯಷ್ಟೇ ಕೆಲಸ ಮಾಡಿದ್ದು ಆ ಗಂಟಲು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅದೇ ಹಾಲ್‌ನಲ್ಲಿ ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಇದ್ದಳು. 'ಮಜ್ಜಿಗೆ ಕೊಡಬೇಡಿ' ಎಂದು ಅವಳು ಎರಡು ಸಲ ಹೇಳಿದ್ದು ವಿಡಿಯೊದಲ್ಲಿ ಕೇಳಿಸುತ್ತದೆ. ಹಿರಿಯರು ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಅಳಿಯನ ವಾದ ಹುಚ್ಚು ವಾದವೇನಲ್ಲ. ಆಂಬುಲೆನ್ಸ್ ಸಿಗ್ನಲಿನಲ್ಲಿ ಸಿಕ್ಕಿಬಿದ್ದು ಗೋಳಾಡುವುದನ್ನು ದಿನವೂ ನೋಡುವ ಊರು ಇದು. ಎದೆನೋವಿನ ರೋಗಿಗೆ ಪ್ರಜ್ಞೆ ಇದ್ದಿದ್ದರೆ ಅವರು ಹೇಳಿದ್ದೇ ಸರಿಯಾಗುತ್ತಿತ್ತು. ಹೃದಯ ನಿಂತವರ ವಿಷಯದಲ್ಲಿ ಲೆಕ್ಕ ಬೇರೆ. ಎತ್ತಿ, ಮೆಟ್ಟಿಲಿಳಿಸಿ, ಹಿಂದಿನ ಸೀಟಿಗೆ ತೂರಿಸಿ, ಎರಡು ಸಿಗ್ನಲ್ ದಾಟಿ, ತುರ್ತು ವಿಭಾಗದ ಬಾಗಿಲು ಮುಟ್ಟುವವರೆಗೆ ಮೆದುಳಿಗೆ ಒಂದು ತೊಟ್ಟು ರಕ್ತವೂ ಹೋಗುವುದಿಲ್ಲ. ಮೆತ್ತನೆಯ ಸೀಟಿನ ಮೇಲೆ ಎದೆ ಒತ್ತಿದರೆ ಒತ್ತಡವನ್ನೆಲ್ಲ ಸೀಟು ನುಂಗುತ್ತದೆ. ಎದೆ ಒತ್ತುವುದೂ ಇಲ್ಲ, ಶಾಕ್ ಕೊಡುವುದೂ ಇಲ್ಲ ಎಂದಾದರೆ, ಕಳೆಯುವ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಸುಮಾರು ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ.

ನಿರ್ವಾಹಕಿ ಭುಜ ತಟ್ಟಿ 'ಅಮ್ಮಾ, ಅಮ್ಮಾ' ಎಂದು ಕೂಗಿದರು. ಎದೆಯ ಮೇಲೆ ಕಣ್ಣಿಟ್ಟು ಉಸಿರು ನೋಡಿದರು. ಇದಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ಅವರು ಅಷ್ಟನ್ನೂ ತೆಗೆದುಕೊಳ್ಳಲಿಲ್ಲ. ನಾಡಿ ಹುಡುಕಲಿಲ್ಲ. ಅದನ್ನು ಆಸ್ಪತ್ರೆಯವರಿಗೆ ಬಿಡಬೇಕು. ಅಭ್ಯಾಸವಿಲ್ಲದ ಬೆರಳಿಗೆ ಸಿಗುವುದು ಎಷ್ಟೋ ಸಲ ತನ್ನದೇ ನಾಡಿ. ನರ್ಸಿಂಗ್ ಹುಡುಗಿಯನ್ನು ಬೆರಳು ಮಾಡಿ ತೋರಿಸಿ 'ನೀನು, 108ಕ್ಕೆ ಫೋನ್ ಮಾಡು, ಸ್ಪೀಕರ್‌ನಲ್ಲಿ ಇಡು' ಎಂದರು. 'ಯಾರಾದರೂ ಫೋನ್ ಮಾಡಿ' ಎಂದಿದ್ದರೆ ಇನ್ನೂರು ಜನರೂ ಇನ್ನೊಬ್ಬರು ಮಾಡುತ್ತಾರೆಂದು ನಿಂತಿರುತ್ತಿದ್ದರು. ಮೊದಲ ಒತ್ತು ಬಿದ್ದಾಗ ಕುಸಿದು ಮೂರು ನಿಮಿಷ ದಾಟಿತ್ತು.

ಸೀರೆ, ಸಂಕೋಚ, ಅಂತರಪಟ

ಎದೆಯ ನಡುಮೂಳೆಯ ಕೆಳಗಿನ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಚದೆ ಭುಜದ ಭಾರವನ್ನೆಲ್ಲ ಇಳಿಸಿ ಒತ್ತುವುದು. ಆಳ ಕನಿಷ್ಠ 5 ಸೆಂಟಿಮೀಟರ್, 6ನ್ನು ಮೀರಬಾರದು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಹೃದಯ ಮತ್ತೆ ತುಂಬಿಕೊಳ್ಳುವುದು ಆಗಲೇ. ವಿಡಿಯೊ ನಿಲ್ಲಿಸಿ ಎಣಿಸಿದರೆ ನಿರ್ವಾಹಕಿಯ ವೇಗ ಸರಿಯಾಗಿಯೇ ಇದೆ. ಮದುವೆಗೆಂದು ತೊಟ್ಟ ಹಸಿರು ಗಾಜಿನ ಬಳೆಗಳು ಮೊದಲ ಕೆಲವು ಒತ್ತಿಗೇ ಒಡೆದು ಮಣಿಕಟ್ಟಿಗೆ ಗೀರಿದ್ದವು. ಅದನ್ನು ಅವರು ಗಮನಿಸಿದ್ದು ಕೈ ತೊಳೆಯುವಾಗ.

ಅವರು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲಿಲ್ಲ. ಅದು ಸರಿಯಾದ ತೀರ್ಮಾನವೇ. ದಿಢೀರನೆ ಕುಸಿದ ವಯಸ್ಕರ ರಕ್ತದಲ್ಲಿ ಮೊದಲ ಕೆಲವು ನಿಮಿಷಕ್ಕಾಗುವಷ್ಟು ಆಮ್ಲಜನಕ ಇರುತ್ತದೆ. ಅದನ್ನು ಮೆದುಳಿಗೆ ತಳ್ಳುವ ಕೈ ಬೇಕು. ನಮ್ಮ ದೇಶದ ಅರಿವಳಿಕೆ ತಜ್ಞರು 2017ರಲ್ಲಿ ಜನಸಾಮಾನ್ಯರಿಗೆಂದು ರೂಪಿಸಿದ ಮಾರ್ಗಸೂಚಿಯೂ ಎದೆ ಒತ್ತುವುದನ್ನಷ್ಟೇ ಹೇಳುತ್ತದೆ. ತರಬೇತಿ ಪಡೆದು ಹಿಂಜರಿಕೆ ಇಲ್ಲದವರು 30 ಒತ್ತಿಗೆ 2 ಉಸಿರು ಕೊಡಬಹುದು. ನೀರಿನಲ್ಲಿ ಮುಳುಗಿದವರ, ಮಕ್ಕಳ ಮಾತು ಬೇರೆ. ಅವರಿಗೆ ಉಸಿರು ಬೇಕೇ ಬೇಕು.

ಎರಡು ನಿಮಿಷವಾಗುವ ಹೊತ್ತಿಗೆ ಒತ್ತು ಮೇಲಮೇಲಾಗತೊಡಗಿತು. ಇದು ಎಲ್ಲರಿಗೂ ಆಗುತ್ತದೆ, ಒತ್ತುವವರಿಗೆ ದಣಿವು ತಿಳಿಯುವ ಮೊದಲೇ ಆಳ ತಗ್ಗಿರುತ್ತದೆ. 'ತಮ್ಮಾ, ನೀನು ಬಾ' ಎಂದು ಬಡಿಸುವ ಹುಡುಗನೊಬ್ಬನನ್ನು ಕರೆದರು. ಸಾಂಬಾರಿನ ಬಕೆಟ್ ಹೊತ್ತು ಗಟ್ಟಿಯಾದ ತೋಳು. ಅವನು ಮಂಡಿಯೂರಿದ, ಕೈ ಮಾತ್ರ ಗಾಳಿಯಲ್ಲೇ ನಿಂತಿತು. ಮುತ್ತೈದೆ ಹೆಂಗಸು, ಮಾಂಗಲ್ಯದ ಸರ, ಸುತ್ತ ನಿಂತ ಮನೆಯವರು. 'ಏನಾದರೂ ಆದರೆ ನನ್ನ ಮೇಲೆ ಬರುತ್ತದೆ ಅಕ್ಕಾ' ಎಂದ. ಅತ್ತ ಒಬ್ಬ ದೊಡ್ಡ ಮನುಷ್ಯರು 'ಗಂಡಸರು ಬೇಡ' ಎಂದೂ ಅಂದರು.

ಸಾರ್ವಜನಿಕ ಸ್ಥಳದಲ್ಲಿ ಹೃದಯ ನಿಂತ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ನೆರವು ಸಿಗುತ್ತದೆ ಎಂಬುದನ್ನು ಹೊರದೇಶಗಳ ಅಧ್ಯಯನಗಳೂ ತೋರಿಸಿವೆ, ಆದ್ದರಿಂದ ಇದನ್ನು ನಮ್ಮ ಮಡಿವಂತಿಕೆ ಎಂದಷ್ಟೇ ತಳ್ಳಿಹಾಕುವಂತಿಲ್ಲ. ಇಲ್ಲಿ ಗಂಟು ಬಿಡಿಸಿದವರು ರೋಗಿಯ ತಂಗಿ. 'ನನ್ನ ಅಕ್ಕನನ್ನು ಮುಟ್ಟು ಮಗು, ಒತ್ತು' ಎಂದು ಕೂಗಿ, ಮಂಟಪಕ್ಕೆ ಓಡಿ ಬೆಳಿಗ್ಗೆ ವಧೂವರರ ನಡುವೆ ಹಿಡಿದಿದ್ದ ಅಂತರಪಟವನ್ನು ತಂದರು. ನಾಲ್ಕು ಹೆಂಗಸರು ಅದನ್ನೂ ಎರಡು ಶಲ್ಯಗಳನ್ನೂ ಸುತ್ತ ಅಡ್ಡ ಹಿಡಿದರು. ಹುಡುಗನ ಕೈ ಕೆಳಗಿಳಿಯಿತು. ಆಮೇಲೆ ಮೂವರು ಬಡಿಸುವ ಹುಡುಗರು ಎರಡೆರಡು ನಿಮಿಷಕ್ಕೊಮ್ಮೆ ಬದಲಾಗುತ್ತಾ ಒತ್ತಿದರು.

ಅವನ ಭಯಕ್ಕೆ ಕಾನೂನಿನಲ್ಲಿ ಉತ್ತರವಿದೆ. ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿರುವವರ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಹೇಳುತ್ತದೆ. ಆದರೆ ಬಕೆಟ್ ಕೆಳಗಿಟ್ಟು ಬಂದ ಹುಡುಗನಿಗೆ ಆ ಕ್ಷಣದಲ್ಲಿ ಬೇಕಾದದ್ದು ಮನೆಯವರ ಒಂದು ಮಾತು.

ಎಣಿಕೆಯ ಬಗ್ಗೆ ಒಂದು ಸಣ್ಣ ಸಂಗತಿ. ಮೊದಲ ಹುಡುಗ ಮೂವತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಿದ್ದ. 'ಇಪ್ಪತ್ತೊಂಬತ್ತು' ಎಂದು ಪೂರ್ತಿ ಹೇಳುವಷ್ಟರಲ್ಲಿ ಒಂದು ಒತ್ತು ತಡವಾಗುತ್ತಿತ್ತು. ನಿರ್ವಾಹಕಿ 'ಹತ್ತರವರೆಗೆ ಎಣಿಸು, ಮತ್ತೆ ಒಂದರಿಂದ ಶುರು ಮಾಡು' ಎಂದರು, ವೇಗ ಸರಿಹೋಯಿತು. ನನ್ನ ತರಗತಿಗಳಲ್ಲಿ ಈಗ ಹಾಗೆಯೇ ಹೇಳಿಕೊಡುತ್ತೇನೆ.

ಬೀಗ ಹಾಕಿದ ಯಂತ್ರ

ಮಂಟಪದಲ್ಲಿ ಎಇಡಿ ಇರಲಿಲ್ಲ. ನಿಂತ ಹೃದಯದ ಲಯವನ್ನು ತಾನೇ ಪರೀಕ್ಷಿಸಿ, ಬೇಕಿದ್ದರೆ ಮಾತ್ರ ವಿದ್ಯುತ್ ಶಾಕ್ ಕೊಡುವ ಪೆಟ್ಟಿಗೆ ಅದು. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಒಂದಿದೆ ಎಂದು ನೆನಪಿಸಿಕೊಂಡವರು ಅಲ್ಲಿಯೇ ವಾಸವಿದ್ದ ಒಬ್ಬ ಅತಿಥಿ. ಇಬ್ಬರು ಹುಡುಗರು ಓಡಿದರು. ಪೆಟ್ಟಿಗೆ ಕ್ಲಬ್ ಹೌಸ್‌ನ ಕಬ್ಬಿಣದ ಬೀರುವಿನಲ್ಲಿತ್ತು, ಬೀರುವಿನ ಕೀ ಮ್ಯಾನೇಜರ್ ಬಳಿ ಇತ್ತು, ಮ್ಯಾನೇಜರ್ ಊಟಕ್ಕೆ ಹೋಗಿದ್ದರು. ಕಾವಲುಗಾರರು ಕೊನೆಗೆ ಬೀರುವಿನ ಬಾಗಿಲನ್ನೇ ಮೀಟಿ ತೆಗೆದರು. ಇಷ್ಟೆಲ್ಲ ಆಗಿ ಯಂತ್ರ ಹಾಲ್ ತಲುಪಿದಾಗ ಕುಸಿದು ಹತ್ತು ನಿಮಿಷ. ಕೀ ಹುಡುಕಾಟಕ್ಕೆ ಹೋದದ್ದೇ ಅದರಲ್ಲಿ ಸುಮಾರು ನಾಲ್ಕು.

ಇಷ್ಟರಲ್ಲಿ ಎರಡು ಒಳ್ಳೆಯ ಕೆಲಸಗಳು ಸದ್ದಿಲ್ಲದೆ ಆಗಿದ್ದವು. ಅಡುಗೆಯವರ ಟೆಂಪೊ ಗೇಟಿಗೆ ಅಡ್ಡ ನಿಂತಿತ್ತು. ಭಟ್ಟರೇ ಅದನ್ನು ತೆಗೆಸಿದರು. ಅದೇ ರಸ್ತೆಯಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಇನ್ನೊಂದು ಮಂಟಪ ಇದ್ದುದರಿಂದ ನರ್ಸಿಂಗ್ ಹುಡುಗಿ ಒಬ್ಬನನ್ನು ಮುಖ್ಯರಸ್ತೆಯ ತಿರುವಿನಲ್ಲಿ ಆಂಬುಲೆನ್ಸಿಗೆ ಕೈ ಮಾಡಲು ನಿಲ್ಲಿಸಿದ್ದಳು.

ನೆಲ ನೀರಾಗಿತ್ತು. ಅತ್ತೆಯನ್ನು ಒಣ ಜಾಗಕ್ಕೆ ಎಳೆದರು. ಅಡುಗೆಮನೆಯ ಕತ್ತರಿಯಿಂದ ರವಿಕೆ ಕತ್ತರಿಸಿ, ಎದೆ ಒರೆಸಿ, ಸರಗಳನ್ನು ಪಕ್ಕಕ್ಕೆ ಸರಿಸಿದರು. ಸರ ತೆಗೆಯುವ ಅಗತ್ಯವಿಲ್ಲ, ಪ್ಯಾಡಿನ ಕೆಳಗೆ ಬರದಿದ್ದರೆ ಸಾಕು. ಯಂತ್ರ ಇಂಗ್ಲಿಷಿನಲ್ಲಿ ಮಾತನಾಡತೊಡಗಿತು. ಪ್ಯಾಡಿನ ಮೇಲೆಯೇ ಚಿತ್ರವಿತ್ತು: ಒಂದು ಬಲಗಡೆಯ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗಿನ ಪಕ್ಕೆಯ ಮೇಲೆ. ಅದನ್ನು ಅಂಟಿಸುವಾಗಲೂ ಹುಡುಗ ಒತ್ತುತ್ತಲೇ ಇದ್ದ. 'ಯಾರೂ ಮುಟ್ಟಬೇಡಿ' ಎಂದಾಗ ಕಾಲು ಹಿಡಿದು ಅಳುತ್ತಿದ್ದ ಮಗಳನ್ನು ಎಳೆಯಬೇಕಾಯಿತು. ಶಾಕ್ ಬಿತ್ತು.

ಬಿದ್ದ ಮೇಲೆ ಎಲ್ಲರೂ ಅತ್ತೆಯ ಮುಖ ನೋಡುತ್ತಾ ನಿಂತುಬಿಟ್ಟರು. ಏನೂ ಆಗಲಿಲ್ಲ. ಹದಿನಾಲ್ಕು ಸೆಕೆಂಡು ಹೀಗೆ ಹೋಯಿತು. ಇಲ್ಲಿ ಕಾಯಬಾರದು. ಲಯ ಮರಳಿದರೂ ಹೃದಯಕ್ಕೆ ಕೂಡಲೇ ಸರಿಯಾಗಿ ಪಂಪ್ ಮಾಡುವ ಶಕ್ತಿ ಇರುವುದಿಲ್ಲ, ಶಾಕ್ ಆದ ಮರುಕ್ಷಣವೇ ಒತ್ತು ಮುಂದುವರಿಯಬೇಕು. ನಿರ್ವಾಹಕಿ ಹುಡುಗನ ಬೆನ್ನಿಗೆ ಗುದ್ದಿ 'ಒತ್ತು' ಎಂದರು. ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಾಗಿರಬೇಕು, ಅತ್ತೆಯ ಬಲಗೈ ಮೇಲೆದ್ದು ಹುಡುಗನ ಮಣಿಕಟ್ಟನ್ನು ತಳ್ಳಿತು. ಅವನು ಹೆದರಿ ಹಿಂದಕ್ಕೆ ಕುಳಿತ. ಎದೆ ತಾನಾಗಿಯೇ ಏರಿಳಿಯುತ್ತಿತ್ತು. ಪ್ಯಾಡ್ ಕೀಳದೆ, ಯಂತ್ರ ಆರಿಸದೆ ಹಾಗೆಯೇ ಬಿಟ್ಟರು, ಹೃದಯ ಮತ್ತೆ ನಿಲ್ಲಬಹುದು. 108ರ ಸಿಬ್ಬಂದಿ ಬಂದದ್ದು ಅದಾಗಿ ನಾಲ್ಕೈದು ನಿಮಿಷಕ್ಕೆ.

ಫಲಿತಾಂಶ ಮತ್ತು ಉಳಿದ ಪ್ರಶ್ನೆಗಳು

ಆಸ್ಪತ್ರೆಯಲ್ಲಿ ಆಂಜಿಯೋಗ್ರಾಮ್ ಆಯಿತು. ಎಡಗಡೆಯ ಮುಖ್ಯ ನಾಳವೊಂದು ಕಟ್ಟಿಕೊಂಡಿತ್ತು, ಸ್ಟೆಂಟ್ ಹಾಕಿದರು. ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಅತ್ತೆ ನಡೆದೇ ಮನೆಗೆ ಬಂದರು. ಮದುವೆಯ ದಿನ ಅವರ ನೆನಪಿನಿಂದ ಅಳಿಸಿಹೋಗಿದೆ. ಹೊಸ ಸಂಗತಿಗಳನ್ನು ನೆನಪಿಟ್ಟುಕೊಳ್ಳಲು ತಿಂಗಳುಗಳ ಕಾಲ ಕಷ್ಟಪಟ್ಟರು, ಒಲೆಯ ಮೇಲೆ ಹಾಲಿಟ್ಟು ಮರೆಯುವುದು ಈಗಲೂ ಇದೆ. ಪಕ್ಕೆಲುಬು ಮುರಿದವರು ಯಾರು ಎಂದು ಕೇಳಿದ ಸಂಬಂಧಿಕರೂ ಇದ್ದರು. ಸರಿಯಾದ ಆಳಕ್ಕೆ ಒತ್ತಿದರೆ ಈ ವಯಸ್ಸಿನಲ್ಲಿ ಅದು ಆಗುವಂಥದ್ದೇ ಎಂದು ವೈದ್ಯರೇ ತಿಳಿಸಿ ಹೇಳಬೇಕಾಯಿತು.

ಇದನ್ನು ಗೆದ್ದ ಕಥೆಯೆಂದು ಹೇಳಿಕೊಂಡು ತಿರುಗಲು ನನಗೆ ಹಿಂಜರಿಕೆ. ಒಳ್ಳೆಯ ತುರ್ತು ಸೇವೆ ಇರುವ ದೇಶಗಳಲ್ಲೂ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಮರಳುವವರು ಸುಮಾರು ಹತ್ತಕ್ಕೆ ಒಬ್ಬರು. ಇದೇ ಕೈಗಳು ಇದೇ ವೇಗದಲ್ಲಿ ಒತ್ತಿಯೂ ಅತ್ತೆ ಉಳಿಯದೆ ಹೋಗಬಹುದಿತ್ತು. ಆಗಲೂ ಕಾರಿನ ಬದಲು ನೆಲವನ್ನು ಆರಿಸಿದ್ದು, ತಂಗಿ ಅಂತರಪಟ ತಂದದ್ದು ಸರಿಯೇ ಆಗಿರುತ್ತಿತ್ತು. ತೀರ್ಮಾನಗಳನ್ನು ಫಲಿತಾಂಶದಿಂದ ತೂಗುವ ಅಭ್ಯಾಸವನ್ನು ನಾವು ಬಿಡಬೇಕು. ಇಲ್ಲದಿದ್ದರೆ ರೋಗಿ ಉಳಿಯದ ಮನೆಯಲ್ಲಿ ಒತ್ತಿದವರೇ ತಪ್ಪಿತಸ್ಥರಾಗುತ್ತಾರೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಹೃದಯ ತಪಾಸಣೆಗೆ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದರು. ಅವರ ಹೆಸರಿನಲ್ಲಿಯೇ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ಎದೆನೋವಿನೊಂದಿಗೆ ತಾಲ್ಲೂಕು ಆಸ್ಪತ್ರೆ ತಲುಪಿದವರಿಗೆ ಅದು ದೊಡ್ಡ ಆಸರೆ. ತಲುಪುವ ಮೊದಲೇ ನೆಲಕ್ಕುರುಳಿದವರು ಪಕ್ಕದಲ್ಲಿರುವವರ ಪಾಲು. ತಪಾಸಣೆಗೆ ನಿಂತ ಆ ಸಾಲಿನ ಒಂದು ಪಾಲಿನಷ್ಟು ಜನವೂ ಎದೆ ಒತ್ತುವುದನ್ನು ಕಲಿಯಲು ಬಂದದ್ದನ್ನು ನಾನು ಕಂಡಿಲ್ಲ.

ಅಪಾರ್ಟ್‌ಮೆಂಟಿನವರು ಎಇಡಿಯನ್ನು ಈಗ ಗೇಟಿನ ಕಾವಲುಗಾರರ ಕೋಣೆಯ ಹೊರಗೆ, ಬೀಗವಿಲ್ಲದ ಪೆಟ್ಟಿಗೆಯಲ್ಲಿ ನೇತುಹಾಕಿದ್ದಾರೆ. ಬೀರು ಮೀಟಿದ ಕಾವಲುಗಾರರಿಂದ ರಿಪೇರಿ ಹಣ ವಸೂಲಿ ಮಾಡಬೇಕೆಂಬ ಮಾತು ಸಂಘದ ಸಭೆಯಲ್ಲಿ ಬಂದು, ಬಂದಷ್ಟೇ ವೇಗವಾಗಿ ಹೋಯಿತಂತೆ. ಪ್ಯಾಡುಗಳ ಅವಧಿ, ಬ್ಯಾಟರಿ ನೋಡುವ ಹೊಣೆ ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ. ಮಂಟಪದ ಮಾಲೀಕರು ಯಂತ್ರದ ಬೆಲೆ ವಿಚಾರಿಸಿ, ಅದನ್ನು ಬಾಡಿಗೆಗೆ ಸೇರಿಸಬಹುದೇ ಎಂದು ಯೋಚಿಸುತ್ತಿದ್ದಾರೆ. ಅಡುಗೆ ಗುತ್ತಿಗೆದಾರರು ಮಾತ್ರ ಯೋಚಿಸಲು ಹೋಗದೆ ತಮ್ಮ ಹುಡುಗರನ್ನೆಲ್ಲ ಒಂದು ಸೋಮವಾರ ನನ್ನ ತರಗತಿಗೆ ಕಳುಹಿಸಿದರು. ಮುಹೂರ್ತವಿಲ್ಲದ ದಿನ ನೋಡಿಯೇ.